ಒಂಬತ್ತನೇ ಸೀಟು

ಸೀಟುಗಳು ಮಂಗಳವಾರ ಬರುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಟ್ರಕ್ಕು ಹಿಂಬಾಗಿಲಿಗೆ ಬಂದು ನಿಂತರೆ ಫೋರ್ಕ್‌ಲಿಫ್ಟಿನವನು ಮರದ ಪೆಟ್ಟಿಗೆಗಳನ್ನು ಇಳಿಸಿ ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಿದ್ದ. ಒಂದು ಪೆಟ್ಟಿಗೆಗೆ ಒಂದು ಸೀಟು. ಅಫ್ಘಾನಿಸ್ತಾನದ ರಸ್ತೆಗಳಲ್ಲಿ, ನೆಲದಡಿ ಹೂತಿಟ್ಟ ಬಾಂಬಿನ ಮೇಲೆ ಹಾದ ಸೇನೆಯ ಗಾಡಿಗಳಿಂದ ಕಳಚಿ ತಂದವು. ಮುಚ್ಚಳ ಎತ್ತಿದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಮಣ್ಣು. ರಾಗಿಹಿಟ್ಟಿಗಿಂತ ನುಣ್ಣನೆಯ, ತಿಳಿಕಂದು ಮಣ್ಣು. ಎಷ್ಟು ಒರೆಸಿದರೂ ಹೊಲಿಗೆಯ ಸಂದುಗಳಿಂದ ಉದುರುತ್ತಲೇ ಇರುತ್ತಿತ್ತು. ಸಂಜೆ ಮನೆಗೆ ಬಂದು ಜಡೆ ಬಿಚ್ಚಿದರೆ ಅಲ್ಲೂ ಅದೇ.

ನಮ್ಮದು ಡೆಟ್ರಾಯಿಟ್‌ನ ಉತ್ತರಕ್ಕೆ, ವಾರೆನ್‌ನಲ್ಲಿದ್ದ ಒಂದು ಶೆಡ್. ಹಿಂದೆ ಅಲ್ಲಿ ಕಾರಿನ ಬಾಗಿಲುಗಳನ್ನು ತಯಾರಿಸುತ್ತಿದ್ದರಂತೆ. ಯಂತ್ರಗಳನ್ನು ಹರಾಜು ಹಾಕಿ, ಅವು ಕೂತಿದ್ದ ಗುಂಡಿಗಳಿಗೆ ಕಾಂಕ್ರೀಟು ತುಂಬಿ, ನಮಗೆ ಬಾಡಿಗೆಗೆ ಕೊಟ್ಟಿದ್ದರು. ಕಾರು ಕಂಪನಿಗಳೇ ದಿವಾಳಿ ಅರ್ಜಿ ಹಿಡಿದು ಕೋರ್ಟಿಗೆ ಹೋದ ಕಾಲ ಅದು. ನಾವು ವಾಸವಿದ್ದ ನೋವೈ ಎಂಬ ಊರಿನ ಬಡಾವಣೆಯಲ್ಲಿ ಹೆಚ್ಚುಕಡಿಮೆ ಮನೆಗೊಬ್ಬರು ಲೇಆಫ್ ಆಗಿದ್ದರು, ನಮ್ಮ ಮನೆಯಲ್ಲಿ ನನ್ನ ಗಂಡ. ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡಿಕೊಂಡಿದ್ದ ನನಗೆ, ಅಮೆರಿಕದ ಸಿಟಿಜನ್‌ಶಿಪ್ ಇತ್ತೆಂಬ ಕಾರಣಕ್ಕೆ, ಯುದ್ಧದ ಕೆಲಸ ಸಿಕ್ಕಿತು. ಸಂತೋಷದಿಂದ ಒಪ್ಪಿಕೊಂಡೆ ಎಂದು ಹೇಳಲಾರೆ. ಬೇಡವೆನ್ನುವ ಸ್ಥಿತಿ ಇರಲಿಲ್ಲ.

ಈ ಗಾಡಿಗಳಲ್ಲಿ ಸೀಟನ್ನು ನೆಲಕ್ಕೆ ಬೋಲ್ಟ್ ಮಾಡುವುದಿಲ್ಲ, ಗೋಡೆಗೆ ತೂಗುಬಿಡುತ್ತಾರೆ. ಬೆನ್ನಿನ ಹಿಂದೆ ಎರಡು ಉಕ್ಕಿನ ಪಟ್ಟಿಗಳಿರುತ್ತವೆ. ಕೆಳಗಿನಿಂದ ಹೊಡೆತ ಬಿದ್ದಾಗ ಗಾಡಿ ಮೇಲಕ್ಕೆ ಚಿಮ್ಮುತ್ತದೆ, ಕೂತವನ ಭಾರಕ್ಕೆ ಸೀಟು ಕೆಳಕ್ಕೆ ಜಾರುತ್ತದೆ. ಜಾರುವಾಗ ಆ ಪಟ್ಟಿಗಳು ರೋಲರುಗಳ ನಡುವೆ ಬಾಗಿ ಬಾಗಿ ಎಳೆದುಕೊಂಡು, ಬೆನ್ನುಮೂಳೆಗೆ ಬೀಳಬೇಕಾದ ಹೊಡೆತವನ್ನು ತಾವು ತಿನ್ನುತ್ತವೆ. ಪಟ್ಟಿ ಮೆದುವಾದರೆ ಭಾರದ ಆಳು ನೆಲಕ್ಕೆ ಹೋಗಿ ಕುಕ್ಕರಿಸುತ್ತಾನೆ. ಗಟ್ಟಿಯಾದರೆ ಹಗುರದವನಿಗೆ ಅದು ಸರಿಯಾಗಿ ಬಾಗುವುದಿಲ್ಲ, ಕಲ್ಲುಬೆಂಚಿನ ಮೇಲೆ ಕೂತಂತೆಯೇ ಲೆಕ್ಕ. ಎಷ್ಟು ಗಟ್ಟಿ ಇರಬೇಕೆಂದು ನಿಗದಿ ಮಾಡಲು ನಮಗೆ ಮೂರು ವಾರ ಉಳಿದಿತ್ತು. ಡ್ರಾಯಿಂಗಿಗೆ ಸಹಿ ಬಿದ್ದ ಮೇಲೆ ಮುಂದಿನ ನೂರಾರು ಗಾಡಿಗಳು ಅದೇ ಸೀಟಿನೊಂದಿಗೆ ಹೊರಡುತ್ತವೆ. ಅವುಗಳಲ್ಲಿ ಕೂರುವವರು ಆಮೇಲೆ ಎದ್ದು ನಿಲ್ಲುತ್ತಾರೋ ಇಲ್ಲವೋ ಎನ್ನುವುದು ಆ ಒಂದು ಅಂಕಿಯ ಮೇಲಿತ್ತು.

ಪಟ್ಟಿಯ ಮೇಲೆ ರೋಲರು ಎಲ್ಲಿಯವರೆಗೆ ಗೀರು ಎಳೆದಿದೆ ಎಂಬ ಅಳತೆಯನ್ನು ಆಸ್ಪತ್ರೆಯಿಂದ ಬಂದ ಹಾಳೆಯ ಜೊತೆ ಹೊಂದಿಸುವುದು ನನ್ನ ಕೆಲಸ. ಹಾಳೆಯಲ್ಲಿ ಹೆಸರಿರುವುದಿಲ್ಲ. ಗಾಡಿಯ ನಂಬರು, ಸೀಟಿನ ನಂಬರು, ಕೂತವನ ತೂಕ, ಎಲ್ಲಿ ಏನು ಮುರಿದಿದೆ, ಇಷ್ಟೇ. ಅಳೆದು ಕೊಡುತ್ತಿದ್ದವರು ಹುಬ್ಬಳ್ಳಿಯ ಒಬ್ಬ ಟೆಸ್ಟ್ ಎಂಜಿನಿಯರ್. ಇಡೀ ಶೆಡ್ಡಿನಲ್ಲಿ ಕನ್ನಡದವರು ನಾವಿಬ್ಬರೇ. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ‘ಮೇಡಮ್ಮಾರ’ ಎನ್ನುತ್ತಿದ್ದರು. ಗೌರವಕ್ಕೋ ಕೀಟಲೆಗೋ ಕೊನೆಗೂ ಗೊತ್ತಾಗಲಿಲ್ಲ.

“ಮೇಡಮ್ಮಾರ, ಈ ಒಂಬತ್ತನೇ ಸೀಟಿಗೆ ಏನ್ ಬರದೀರಿ?” ಎಂದರು ಒಂದು ಮಂಗಳವಾರ.

ಕಂಪ್ಯೂಟರ್ ನೋಡಿ, “ಖಾಲಿ ಸರ್” ಎಂದೆ. ಒಂಬತ್ತನೆಯದು ಎಡಗಡೆಯ ಕೊನೇ ಸೀಟು, ಹಿಂಬಾಗಿಲಿಗೆ ಅಂಟಿಕೊಂಡಂತೆ ಇರುತ್ತದೆ.

“ಖಾಲಿ ಸೀಟು ಎರಡು ಇಂಚು ಕೆಳಗ ಇಳದೈತಲ್ರೀ. ದೆವ್ವ ಕುಂತಿತ್ತೇನ್ರೀ ಇದರಾಗ?”

“ಹೊಡೆತಕ್ಕೆ ಜಾರಿರತ್ತೆ. ಸೀಟಿಗೂ ಅದರದೇ ತೂಕ ಇರತ್ತಲ್ಲ?”

ಅವರು ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, “ಇರಬೌದು ಬಿಡ್ರಿ” ಎಂದು ಡಬ್ಬಿಗೆ ಹಾಕಿದರು. ನಾನೂ ಅಲ್ಲಿಗೆ ಬಿಟ್ಟೆ. ಗ್ರಾಫಿನಲ್ಲಿ ಚುಕ್ಕೆಗಳು ಚೆನ್ನಾಗಿ ಕೂತಿದ್ದವು, ಕೆದಕುವ ಮನಸ್ಸಿರಲಿಲ್ಲ.

ಎರಡು ದಿನ ಬಿಟ್ಟು ಅವರೇ ಕರೆದರು. ಉದ್ದನೆಯ ಮೇಜಿನ ಮೇಲೆ ಏಳು ಸೀಟುಗಳಿಂದ ತೆಗೆದ ಪಟ್ಟಿಗಳನ್ನು ಜೋಡಿ ಜೋಡಿಯಾಗಿ ಸಾಲಾಗಿಟ್ಟಿದ್ದರು. ಡಬ್ಬಿಗಳಿಂದ ಹುಡುಕಿ ತೆಗೆದಿದ್ದರು. ಏಳೂ ಒಂಬತ್ತನೇ ನಂಬರಿನವು, ಏಳು ಬೇರೆ ಬೇರೆ ಗಾಡಿಗಳವು. ಎಲ್ಲದರ ಮುಂದೆಯೂ ನನ್ನ ಕಂಪ್ಯೂಟರಿನ ದಾಖಲೆಯಲ್ಲಿ ‘ಖಾಲಿ’ ಎಂದಿತ್ತು. ಎಲ್ಲದರಲ್ಲೂ ಗೀರು ಇತ್ತು. ಒಂದೂಮುಕ್ಕಾಲು, ಎರಡು, ಒಂದೂವರೆ, ಮತ್ತೆ ಎರಡು. ನಾನೂ ಸ್ಕೇಲು ಹಿಡಿದು ಒಂದೊಂದನ್ನೂ ಮತ್ತೆ ಅಳೆದೆ.

“ಇನ್ನೊಂದು ನೋಡ್ರಿ” ಎಂದು ಗೋಡೆಗೆ ನೇತುಹಾಕಿದ್ದ ಸೀಟಿನ ಬಳಿ ಕರೆದೊಯ್ದರು. “ಬೆಲ್ಟು ನಾನು ಮುಟ್ಟಿಲ್ಲ. ಬಂದಾಗ ಹೆಂಗಿತ್ತೋ ಹಂಗ ಐತಿ.”

ಭುಜದ ಬೆಲ್ಟುಗಳನ್ನು ಪೂರ್ತಿ ಬಿಗಿದು ಚಿಕ್ಕದು ಮಾಡಲಾಗಿತ್ತು. ಉಳಿದ ಸೀಟುಗಳಲ್ಲಿ, ಆರಡಿ ಆಳುಗಳ ಎದೆಕವಚಕ್ಕೆಂದು ಅವು ಉದ್ದಕ್ಕೆ ಇಳಿಬಿದ್ದಿರುತ್ತಿದ್ದವು. ನಾನು ಐದಡಿ ಮೂರಿಂಚು. ಯಾಕೆ ಹಾಗೆ ಮಾಡಿದೆನೋ, ಶೆಲ್ಫಿನಲ್ಲಿದ್ದ ಟೆಸ್ಟ್ ಕವಚವನ್ನು ತೊಟ್ಟು ಹತ್ತಿ ಕೂತೆ. ಬೆಲ್ಟು ಎಳೆದು ಕ್ಲಿಕ್ ಎನ್ನಿಸಿದೆ. ಒಂದು ಕೂದಲೆಳೆಯಷ್ಟೂ ಸರಿಪಡಿಸಬೇಕಾಗಲಿಲ್ಲ. ಭುಜದ ಮೇಲೆ, ಸೊಂಟದ ಮೇಲೆ, ನನಗೇ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ತೊಡೆಯ ಮೇಲೆ ಆ ಮಣ್ಣು ಮೆಲ್ಲಗೆ ಉದುರಿತು. ಇಲ್ಲಿ ಒಬ್ಬರು ಕೂತಿದ್ದರು ಎಂದು ನನಗೆ ಆ ಕ್ಷಣ ಖಾತ್ರಿಯಾಯಿತು, ಮತ್ತು ಹೆದರಿಕೆಯಾಯಿತು.

“ಇಳೀರಿ ಮೇಡಮ್ಮಾರ, ಸಾಕು” ಎಂದರು ಹುಬ್ಬಳ್ಳಿಯವರು. ಆ ದನಿಯಲ್ಲಿ ಕೀಟಲೆ ಇರಲಿಲ್ಲ.

ಹೆದರಿಕೆಯನ್ನು ರಿಪೋರ್ಟಿನಲ್ಲಿ ಬರೆಯಲಾಗುವುದಿಲ್ಲ. ಮರುದಿನ ಬೆಳಿಗ್ಗೆ ಹೊಸ ಪಟ್ಟಿಗಳನ್ನು ಹಾಕಿದ ಸೀಟೊಂದನ್ನು ಖಾಲಿಯಾಗಿಯೇ ಡ್ರಾಪ್ ಟವರಿಗೆ ಕಟ್ಟಿದೆವು. ಎತ್ತರದಿಂದ ಕೆಳಗೆ ಬಿಟ್ಟು ಬಾಂಬಿನ ಹೊಡೆತವನ್ನು ನಕಲು ಮಾಡುವ ಕಂಬ ಅದು. ಆ ಮಂಗಳವಾರದ ಸೀಟು ಬಂದ ಗಾಡಿಗೆ ಬಿದ್ದ ಹೊಡೆತ ಎಷ್ಟೆಂದು ನಮಗೆ ಗೊತ್ತಿತ್ತು, ಏಕೆಂದರೆ ಪಕ್ಕದ ಎಂಟನೇ ಸೀಟಿನ ಸೈನಿಕನ ತೂಕವೂ ಅವನ ಪಟ್ಟಿಯ ಗೀರೂ ಎರಡೂ ಕೈಯಲ್ಲಿದ್ದವು. ಮೂರು ಸಲ ಬೀಳಿಸಿದೆವು. ಖಾಲಿ ಸೀಟು ಅಲುಗಲಿಲ್ಲ. ರೋಲರು ಪಟ್ಟಿಯ ಬಣ್ಣವನ್ನೂ ಕೆರೆಯಲಿಲ್ಲ. ಆಮೇಲೆ ಸೀಟಿಗೆ ಮರಳಿನ ಚೀಲ ಕಟ್ಟಿ, ಸ್ವಲ್ಪ ಸ್ವಲ್ಪವೇ ತೂಕ ಹೆಚ್ಚಿಸುತ್ತಾ ಹೋದೆವು. ನೂರ ಐವತ್ತೆಂಟು ಪೌಂಡಿಗೆ ಗೀರು ಎರಡು ಇಂಚಿಗೆ ಬಂದು ನಿಂತಿತು. ಹೆಲ್ಮೆಟ್ಟು ಮತ್ತು ಕವಚದ ಇಪ್ಪತ್ತಾರು ಕಳೆದರೆ ನೂರ ಮೂವತ್ತೆರಡು. ಇಲ್ಲವೆಂದು ದಾಖಲಾದವನಿಗೆ ಒಂದು ತೂಕ ಬಂದಿತ್ತು.

ಲೆಕ್ಕವನ್ನು ಲೀಡ್‌ಗೆ, ಅಂದರೆ ನಮ್ಮ ತಂಡದ ಮುಖ್ಯಸ್ಥರಿಗೆ, ತೋರಿಸಿದೆವು. ಅವರು ಮೂವತ್ತು ವರ್ಷ ಕಾರು ಕಂಪನಿಯಲ್ಲಿ ದುಡಿದು ಹೊರಬಿದ್ದಿದ್ದ ಅಮೆರಿಕನ್. ಕೆಟ್ಟವರಲ್ಲ, ಸುಸ್ತಾದವರು. ಅವರಾಡಿದ ಇಂಗ್ಲಿಷನ್ನು ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಯಾರೋ ಕೂತಿದ್ದರು ಅಂತಾನೇ ಇಟ್ಟುಕೋ. ಯಾರು? ಹಾಳೆ ಎಲ್ಲಿ? ಹಾಳೆ ಇಲ್ಲದ ಮನುಷ್ಯನಿಗೆ ನಾನು ಸೀಟು ಡಿಸೈನ್ ಮಾಡಲಾರೆ. ಈಗ ಪಟ್ಟಿ ಮೆದು ಮಾಡಿದರೆ ನಮ್ಮ ದೊಡ್ಡ ಆಳುಗಳು ನೆಲಕ್ಕೆ ಬಡಿಯುತ್ತಾರೆ. ಅದಕ್ಕೆ ಹಾಳೆಗಳಿವೆ.”

ಹೇಳಿದ್ದು ಸರಿಯೇ. ಅದಕ್ಕೇ ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಸಾಮಾನು ಕೊಳ್ಳಲು ಹೋಗುವವಳು. ಸಂಜೆ ನೋವೈಯಲ್ಲಿ ಇಂಡಿಯನ್ ಗ್ರಾಸರಿಗೆ ಹೋಗಿ, ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ಪಕ್ಕದ ಸೀಟಿನಲ್ಲಿ ಕುಕ್ಕಿ ಹೊರಟೆ. ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಪಕ್ಕದಲ್ಲಿ ಕೂತವರು ಬೆಲ್ಟು ಹಾಕಿಲ್ಲವಂತೆ. ಬೇಡವೆಂದರೆ ಬಿಡಲೊಲ್ಲದು. ಕೊನೆಗೆ ಸಿಗ್ನಲ್ಲಿನಲ್ಲಿ ಅಕ್ಕಿಚೀಲಕ್ಕೆ ಬೆಲ್ಟು ಹಾಕಿದೆ.

ಸೀಟಿನಡಿಯ ಆ ಸೆನ್ಸರನ್ನು ಹೀಗೆಯೇ ಇಡುತ್ತಾರೆ, ನನಗೆ ಗೊತ್ತಿತ್ತು. ಅನುಮಾನವಿದ್ದರೆ ಮನುಷ್ಯ ಇದ್ದಾನೆಂದೇ ತಿಳಿ, ಎಂಬುದು ಅದರ ನಿಯಮ. ನನ್ನ ಕಂಪ್ಯೂಟರಿನ ದಾಖಲೆಗೆ ನಾನು ಯಾವ ನಿಯಮ ಕೊಟ್ಟಿದ್ದೆ? ಮನೆಗೆ ಬಂದವಳೇ ಚಪ್ಪಲಿ ಕಳಚಿ ಊಟದ ಮೇಜಿನ ಮುಂದೆ ನಿಂತುಬಿಟ್ಟೆ. ಆರು ಕುರ್ಚಿ, ಮೂರು ಜನ.

“ಏನೇ, ಹಾಗೆ ನಿಂತುಬಿಟ್ಟೆ?” ಎಂದರು ಇವರು, ಕೈಯಲ್ಲಿ ಸೌಟು ಹಿಡಿದು. ಕೆಲಸ ಹೋದಮೇಲೆ ಸಾರು ಅವರದ್ದೇ.

“ಏನಿಲ್ಲ ರೀ. ಒಂದು ತಪ್ಪು ಮಾಡಿದೀನಿ ಅನ್ಸತ್ತೆ.”

“ಹೇಳೋ ಹಾಗಿದೆಯಾ?”

“ಇಲ್ಲ.”

“ಅಮ್ಮಾ, ಯು ಆರ್ ಸ್ಟೇರಿಂಗ್ ಅಟ್ ದ ಚೇರ್ಸ್ ಅಗೇನ್,” ಎಂದಳು ಮಗಳು. ಮತ್ತೆ ಎಂದಳಲ್ಲ, ಅಂದರೆ ಮೊದಲೂ ನೋಡುತ್ತಿದ್ದೆನೇ ಎಂದು ಗಾಬರಿಯಾಯಿತು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋಗಿ ಫೈಲು ತೆರೆದೆ. ಕಾರಿನ ಕ್ರ್ಯಾಶ್ ಟೆಸ್ಟಿನಲ್ಲಿ ಸೀಟಿನಲ್ಲಿ ಮನುಷ್ಯಾಕಾರದ ಡಮ್ಮಿ ಗೊಂಬೆ ಕೂರಿಸಿದ್ದರೆ ಅದರ ಸಾಲು ತುಂಬಿರುತ್ತದೆ, ಇಲ್ಲದಿದ್ದರೆ ಸಾಲು ಬರಿದಾಗಿರುತ್ತದೆ. ಹಾಗಾಗಿ ನಾವು ಕಾರಿನವರೆಲ್ಲ ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಂಡಿರುತ್ತೇವೆ. ಬರಿದಾದ ಜಾಗಕ್ಕೆ ಅದು ತಾನೇ ಸೊನ್ನೆ ತುಂಬಿ, ಮುಂದೆ ‘ಖಾಲಿ’ ಎಂದು ಬರೆಯುತ್ತದೆ. ಹನ್ನೊಂದು ವರ್ಷದಿಂದ ಕೈಯಲ್ಲಿದ್ದ ಆ ಪ್ರೋಗ್ರಾಮನ್ನು ಇಲ್ಲಿಗೂ ತಂದು ಹಾಕಿದ್ದೆ. ಮೂಲದ ಹಾಳೆಗಳನ್ನು ತೆಗೆದು ನೋಡಿದೆ. ಯುದ್ಧಭೂಮಿಯಿಂದ ಬಂದ ಯಾವ ಕಾಗದದಲ್ಲೂ ಒಂಬತ್ತನೇ ಸೀಟು ಖಾಲಿ ಎಂದು ಯಾರೂ ಬರೆದಿರಲಿಲ್ಲ. ಜಾಗ ಬರಿದಾಗಿತ್ತು, ಅಷ್ಟೇ. ಖಾಲಿ ಮಾಡಿದವಳು ನಾನು. ಮೂರು ತಿಂಗಳಿಂದ, ಪ್ರತಿ ಮಂಗಳವಾರ, ಒಂದು ಬಟನ್ ಒತ್ತಿ ಆ ಜನರನ್ನು ಎಬ್ಬಿಸಿ ಕಳಿಸಿದ್ದೆ.

ಅಲ್ಲಿನ ಸೇನಾನೆಲೆಯಲ್ಲಿ ಗಾಡಿಗಳ ರಿಪೇರಿಗೆಂದು ಒಬ್ಬ ಸರ್ವಿಸ್ ಎಂಜಿನಿಯರ್ ಇದ್ದ, ಅವನೂ ಅಮೆರಿಕನ್. ನಮಗೆ ಬೆಳಿಗ್ಗೆ ಏಳೂವರೆಯಾದರೆ ಅವನಿಗೆ ಸಂಜೆ ಐದು. ಫೋನ್ ಮಾಡಿ, ಒಂಬತ್ತನೇ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದೆ.

“ನಮ್ಮ ಅಫ್ಘಾನ್ ದುಭಾಷಿ” ಎಂದ, ಇದೂ ಒಂದು ಪ್ರಶ್ನೆಯೇ ಎನ್ನುವಂತೆ. “ಗಾಡಿ ನಿಂತ ಕೂಡಲೇ ಮೊದಲು ಇಳಿಯಬೇಕಾದವನು ಅವನು, ಊರವರ ಹತ್ತಿರ ಮಾತಾಡೋಕೆ. ಅದಕ್ಕೆ ಬಾಗಿಲ ಪಕ್ಕ. ಎಲ್ಲರಿಗೂ ಗೊತ್ತಿರೋದೇ.”

“ಮತ್ತೆ ಅವನ ಆಸ್ಪತ್ರೆ ಹಾಳೆ?”

“ನಮ್ಮವರು ನಮ್ಮ ಆಸ್ಪತ್ರೆಗೆ ಹೋಗುತ್ತಾರೆ. ಅವನು ಅವನ ಸರ್ಕಾರದ ಆಸ್ಪತ್ರೆಗೆ. ಆ ಹಾಳೆ ಮಿಷಿಗನ್‌ಗೆ ಯಾಕೆ ಬರತ್ತೆ?”

ಲೀಡ್ ಬಂದ ಕೂಡಲೇ ಎಲ್ಲವನ್ನೂ ಹೇಳಿದೆ, ಪ್ರೋಗ್ರಾಮಿನ ವಿಷಯವನ್ನೂ. ಅವರು ಕಾಫಿ ಕಪ್ಪನ್ನು ಪಕ್ಕಕ್ಕೆ ಸರಿಸಿದರು. “ಸೊನ್ನೆಯನ್ನು ಬದಲಾಯಿಸು. ‘ಮಾಹಿತಿ ಪರಿಷ್ಕರಣೆ’ ಅಂತ ಹಾಕು, ಸಾಕು. ಕಾಂಟ್ರಾಕ್ಟು ನವೀಕರಣಕ್ಕೆ ಬಂದಿದೆ. ತಪ್ಪು ಅನ್ನೋ ಪದ ಬರೆದರೆ ಮೊದಲು ಹೋಗುವುದು ನಿನ್ನ ಕೆಲಸ.” ನನ್ನ ಮನೆಯವರಿಗೆಲ್ಲ ಆಸ್ಪತ್ರೆಯ ಇನ್‌ಶ್ಯೂರೆನ್ಸ್ ಇದ್ದುದು ನನ್ನ ಕೆಲಸದಿಂದ ಎಂದು ಅವರಿಗೆ ಗೊತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೂ ಒಂದು ಇಡೀ ಮಧ್ಯಾಹ್ನ ಅದೇ ಸರಿ ಎನ್ನಿಸಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯವರು ಒಂದು ಕೆಲಸ ಮಾಡಿದ್ದರು. ನಮ್ಮಲ್ಲಿದ್ದ ಡಮ್ಮಿಗಳೆಲ್ಲ ದೊಡ್ಡ ಗಂಡಸಿನ ಅಳತೆಯವು. ಪರಿಚಯದ ಕಾರು ಲ್ಯಾಬೊಂದರಿಂದ ಸಣ್ಣ ಹೆಂಗಸಿನ ಅಳತೆಯ ಡಮ್ಮಿಯನ್ನು ಕೇಳಿ, ತಮ್ಮ ಮಿನಿವ್ಯಾನಿನಲ್ಲಿ ಕೂರಿಸಿಕೊಂಡು ತಂದಿದ್ದರು. ಆ ವರ್ಷ ಡಮ್ಮಿಗಳಿಗೂ ಕೆಲಸವಿರಲಿಲ್ಲ.

“ಫ್ರೀವೇದಾಗ ಬಾಜು ಕಾರಿನ ಮುದುಕಿ ಇಕಿಗೆ ಕೈ ಬೀಸಿದಳ್ರೀ” ಎಂದರು ಇಳಿಸುತ್ತಾ.

ಕವಚ ತೊಡಿಸಿ, ಮರಳುಚೀಲ ಕಟ್ಟಿ ತೂಕ ಸರಿಮಾಡಿ, ಟವರಿನಿಂದ ಬಿಟ್ಟೆವು. ಸೀಟು ಎರಡು ಇಂಚು ಜಾರಿ ನಿಂತುಬಿಟ್ಟಿತು. ಪರದೆಯ ಮೇಲೆ ಸೊಂಟದ ಸೆನ್ಸರಿನ ಗೆರೆ ಬೆನ್ನುಮೂಳೆ ತಡೆಯುವ ಮಿತಿಯನ್ನು ದಾಟಿ ಎಲ್ಲೋ ಮೇಲೆ ಹೋಯಿತು. ಎರಡು ಪಟ್ಟಿಗಳಲ್ಲಿ ಒಂದನ್ನು ಬಿಚ್ಚಿ ಮತ್ತೆ ಬಿಟ್ಟೆವು. ಈ ಸಲ ಸೀಟು ಆರು ಇಂಚು ಇಳಿಯಿತು, ಗೆರೆ ಮಿತಿಯ ಕೆಳಗೇ ಉಳಿಯಿತು. ಡಮ್ಮಿ ತಲೆ ಬಾಗಿಸಿ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕೂತಿತ್ತು. ಹಿಂದೆ ಬಂದು ನಿಂತಿದ್ದ ಲೀಡ್ ಇನ್ನೊಮ್ಮೆ ಮಾಡಿ ಎಂದರು. ಇನ್ನೊಮ್ಮೆ ಮಾಡಿದೆವು. ಅದೇ ಬಂತು.

ನಾನು ಹೋಗಿ ಬರೆದೆ. ಏಳು ಸಾಲುಗಳಲ್ಲಿ ಸೊನ್ನೆ ತೆಗೆದು ಒಂದೊಂದಕ್ಕೂ ಲೆಕ್ಕ ಹಾಕಿದ ತೂಕ ತುಂಬಿದೆ. ಕಾರಣದ ಜಾಗದಲ್ಲಿ, ‘ಸೀಟಿನಲ್ಲಿ ಮನುಷ್ಯರಿದ್ದರು. ಖಾಲಿ ಎಂದು ದಾಖಲಿಸಿದ್ದು ನನ್ನ ತಪ್ಪು’ ಎಂದು ಬರೆದು ಹೆಸರು ಹಾಕಿದೆ. ಲೀಡ್ ಓದಿದರು, ತುಟಿ ಕಚ್ಚಿದರು, ಕೆಳಗೆ ತಾವೂ ಸಹಿ ಹಾಕಿದರು. ನನ್ನ ಕೆಲಸ ಹೋಗಲಿಲ್ಲ. ಹೊಸ ಗಾಡಿಗಳ ಸೀಟಿಗೆ ಹಗುರ-ಭಾರ ಎಂದು ಬದಲಿಸುವ ಒಂದು ಹಿಡಿಕೆ ಸೇರಿಸಲು ಒಪ್ಪಿಗೆ ಬಂತು. ಆದರೆ ಆಗಲೇ ಅಲ್ಲಿ ಓಡುತ್ತಿದ್ದ ಗಾಡಿಗಳು? ಅವಕ್ಕೆ ಹೊಸ ಸೀಟು ಕಳಿಸುವುದಿಲ್ಲ ಎಂದರು ಮೇಲಿನವರು. ಹಾಗಾದರೆ ಒಂಬತ್ತನೆಯದರಲ್ಲಿ ಒಂದು ಪಟ್ಟಿ ಬಿಚ್ಚಿ, ಹಗುರದವರು ಮಾತ್ರ ಕೂರಲಿ ಎಂದು ಹಳದಿ ಬಣ್ಣ ಬಳಿಯಲಿ, ಹತ್ತು ನಿಮಿಷದ ಕೆಲಸ ಎಂದು ಒಂದು ಪುಟದ ಸೂಚನೆ ತಯಾರಿಸಿ ಕಳಿಸಿದೆ.

ಅದರ ಬಗ್ಗೆ ಮಾತಾಡಲು ಕರೆ ಬಂದದ್ದು ಒಂದು ಬೆಳಿಗ್ಗೆ. ಲೀಡ್, ಹುಬ್ಬಳ್ಳಿಯವರು, ನಾನು ಸ್ಪೀಕರ್ ಫೋನಿನ ಸುತ್ತ ಕೂತಿದ್ದೆವು. ಸರ್ವಿಸ್ ಎಂಜಿನಿಯರ್, “ಪಟ್ಟಿ ಬಿಚ್ಚುವಾಗ ಆಯಾ ಗಾಡಿಯ ದುಭಾಷಿಯೇ ಜೊತೆಗಿರುತ್ತಾನೆ, ಅದಕ್ಕೆ ಅವರನ್ನೆಲ್ಲ ಕರೆಸಿದ್ದೇನೆ. ಒಬ್ಬನಿಗೇನೋ ಕೇಳಬೇಕಂತೆ” ಎಂದ. ಆಮೇಲೆ ಬೇರೆ ದನಿ ಬಂತು. ನಿಧಾನವಾದ, ಪುಸ್ತಕದ ಇಂಗ್ಲಿಷು.

“ಮೇಡಂ, ಈ ನಂಬರಿನ ಗಾಡಿಯ ಸೀಟು ನಿಮ್ಮ ಹತ್ತಿರ ಬಂದಿದೆಯಾ?” ಎಂದು ಒಂದು ನಂಬರು ಹೇಳಿದರು.

ಏಳರಲ್ಲಿ ಒಂದು. ನಾವು ಮೊದಲು ಟವರಿಗೆ ಕಟ್ಟಿ ಲೆಕ್ಕ ಹಾಕಿದ್ದು. “ಬಂದಿದೆ” ಎಂದೆ.

“ಅದರಲ್ಲಿ ಕೂತವನ ತೂಕ ಎಷ್ಟು ಅಂತ ಬರೆದಿದ್ದೀರಿ?”

ಲೀಡ್ ನನ್ನ ಕಡೆ ನೋಡಿದರು. ನಾನು ಹೇಳಿದೆ: “ನೂರ ಮೂವತ್ತೆರಡು ಪೌಂಡ್. ಅರವತ್ತು ಕಿಲೋ.”

ಆ ಕಡೆ ಎಲ್ಲೋ ದೂರದಲ್ಲಿ ಒಂದು ಜನರೇಟರು ಓಡುತ್ತಿತ್ತು.

“ಅರವತ್ತು. ಸರಿಯಾಗಿದೆ” ಎಂದರು. “ನನ್ನ ತಮ್ಮ. ಆಸ್ಪತ್ರೆಯಲ್ಲಿ ಅವನನ್ನು ಯಾರೂ ತೂಗಲಿಲ್ಲ. ಆಮೇಲೆ ಅವನು ಕಾಲ ಮೇಲೆ ನಿಂತೂ ಇಲ್ಲ. ನಿಮಗೆ ಹೇಗೆ ಗೊತ್ತಾಯಿತು?”

ಪಟ್ಟಿಯ ಮೇಲೆ ಉಳಿದ ಗೀರಿನ ಬಗ್ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮೊದಲಿನಿಂದಲೂ ಹೀಗೇ ಬರೆದಿತ್ತಾ?”

ಲೀಡ್ ಅವರ ಕೈ ಫೋನಿನ ಮ್ಯೂಟ್ ಬಟನ್ನಿನ ಕಡೆಗೆ ಸರಿಯಿತು, ಅರ್ಧದಲ್ಲೇ ನಿಂತಿತು. ಹುಬ್ಬಳ್ಳಿಯವರು ಮೇಜನ್ನು ನೋಡುತ್ತಿದ್ದರು.

“ಇಲ್ಲ. ಮೊದಲು ಸೊನ್ನೆ ಎಂದು ಬರೆದಿತ್ತು. ಬರೆದವಳು ನಾನೇ. ಕ್ಷಮಿಸಿ.”

ಜನರೇಟರು ಓಡುತ್ತಲೇ ಇತ್ತು. ಆಮೇಲೆ ಕಾಗದ ಮಗುಚಿದ ಸದ್ದು.

“ಮೂರನೇ ಹಂತದಲ್ಲಿ ಬೋಲ್ಟ್ ಬಿಚ್ಚಿ ಅಂತಿದೆ, ಮೇಡಂ. ಸ್ಪ್ಯಾನರಿನ ಸೈಜು ಹಾಕಿಲ್ಲ.”

“ಹದಿಮೂರು” ಎಂದೆ.

ಅವರು ಅದನ್ನು ತಮ್ಮ ಭಾಷೆಯಲ್ಲಿ ಪಕ್ಕದಲ್ಲಿದ್ದವರಿಗೆ ಹೇಳಿದರು. ಅಲ್ಲಿ ಎಷ್ಟು ಜನ ಕೂತಿದ್ದರೋ ನನಗೆ ಗೊತ್ತಿರಲಿಲ್ಲ. ಒಬ್ಬರಾದ ಮೇಲೊಬ್ಬರು ಆ ಅಂಕಿಯನ್ನು ಹೇಳಿಕೊಂಡರು. ದನಿಗಳನ್ನು ಎಣಿಸುತ್ತಾ ಹೋದೆ, ಹನ್ನೊಂದಾದ ಮೇಲೆ ಎಣಿಕೆ ತಪ್ಪಿತು.